18 ಇಂಚಿನ ಬಲೂನೂ ಅಪ್ಪನ ಮಾನವೂ

‘ಏನ್ರೀ ಇದು, 18 ಇಂಚು ಅಂತ ಹೇಳಿ ಹದಿಮೂರೂವರೆ ಇಂಚಿನ ಬಲೂನು ಕಟ್ಟಿದ್ದೀರಾ?’

ಅಜ್ಜಂಪುರದ ಮನೆಯೊಂದರ ಹುಟ್ಟುಹಬ್ಬ. ಕೇಕ್ ಕತ್ತರಿಸುವ ಮೊದಲೇ ಮನೆ ಯಜಮಾನರು ಟೇಪು ಹಿಡಿದು ನಿಂತಿದ್ದರು. ಕಡೂರಿನಲ್ಲಿ ಪುಟ್ಟ ಅಲಂಕಾರದ ಅಂಗಡಿ ಇಟ್ಟುಕೊಂಡು ತರೀಕೆರೆ, ಅಜ್ಜಂಪುರದವರೆಗೂ ಬೈಕಿನಲ್ಲಿ ಹೋಗಿ ಬಲೂನು ಕಟ್ಟಿ ಬರುವ ನನ್ನಪ್ಪನಿಗೆ ಉತ್ತರ ಹೊಳೆಯಲಿಲ್ಲ. ಪ್ಯಾಕೆಟ್ ಮೇಲೆ 18 ಇಂಚು ಎಂದೇ ಇತ್ತು. ಟೇಪು ಬೇರೆಯದನ್ನೇ ಹೇಳುತ್ತಿತ್ತು. ಅವರು 200 ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಕೊಟ್ಟರಂತೆ. ಹೋದ ದುಡ್ಡಿಗಿಂತ ‘ಮೋಸ’ ಎಂಬ ಮಾತು ಅಪ್ಪನನ್ನು ಚುಚ್ಚಿತ್ತು. ಆ ರಾತ್ರಿ ಊಟವೂ ಸೇರಲಿಲ್ಲ.

‘ನೀನು ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ಆ ನಾಲ್ಕೂವರೆ ಇಂಚು ಎಲ್ಲಿ ಹೋಯ್ತು ಹೇಳು ನೋಡೋಣ’ ಎಂದರು. ಗಣಿತದ ಪೇಪರನ್ನು ಎರಡನೇ ಸಲ ಬರೆದು ದಾಟಿದವಳು ನಾನು. ಆದರೂ ಲ್ಯಾಪ್‌ಟಾಪ್ ತೆರೆದು ಕೂತೆ.

ಫಾಯಿಲ್ ಬಲೂನು ರಬ್ಬರಿನಂತೆ ಹಿಗ್ಗುವುದಿಲ್ಲ. ಎರಡು ದುಂಡನೆಯ ಹಾಳೆಗಳನ್ನು ಅಂಚಿಗೆ ಬೆಸೆದಿರುತ್ತಾರೆ, ಅಷ್ಟೆ. ನಡುವಿನಿಂದ ಅಂಚಿನವರೆಗೆ 9 ಇಂಚು. ಗಾಳಿ ತುಂಬಿದಾಗ ಆ 9 ಇಂಚು ಉದ್ದವಾಗುವುದಿಲ್ಲ, ಬಾಗುತ್ತದೆ. ಬಾಗಿದ ಮೇಲೆ ಅಗಲ ಕಡಿಮೆಯಾಗಲೇಬೇಕು. ಆದರೆ ಎಷ್ಟು?

ಮೊದಲು ಚೆಂಡಿನಂತೆ ಗುಂಡಗಾಗುತ್ತದೆ ಎಂದುಕೊಂಡು ಲೆಕ್ಕ ಹಾಕಿದೆ. 11.5 ಇಂಚು ಬಂತು. ತಪ್ಪು! ಆಮೇಲೆ ಪೈಥಾನಿನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. 9 ಇಂಚಿನ ಗೆರೆಯನ್ನು 90 ಪುಟ್ಟ ಕೊಂಡಿಗಳ ಸರಪಳಿ ಮಾಡಿದೆ. ಒಂದೊಂದೇ ಕೊಂಡಿಯನ್ನು ಸ್ವಲ್ಪ ಓರೆ ಮಾಡುವುದು, ಸರಪಳಿಯನ್ನು ಸುತ್ತ ತಿರುಗಿಸಿದರೆ ಒಳಗೆ ಎಷ್ಟು ಜಾಗ ಸಿಗುತ್ತದೆಂದು ನೋಡುವುದು, ಜಾಗ ಹೆಚ್ಚಾದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬಿಡುವುದು. ತರೀಕೆರೆ ಬಳಿಯ ಅಮೃತಾಪುರದ ಹೊಯ್ಸಳ ದೇವಸ್ಥಾನದಲ್ಲಿ ಕಡೆದ ಕಂಬಗಳನ್ನು ನೋಡಿದ್ದೀರಲ್ಲ? 1196ರ ಆ ಕಂಬಗಳ ಅಂದವೂ ಇದೇ: ಒಂದು ಗೆರೆ, ಸುತ್ತಲೂ ತಿರುಗಿದ್ದು.

ಬೀರೂರಿನ ಕಡೆಯಿಂದ ರಾತ್ರಿ ರೈಲಿನ ಸದ್ದು ಕೇಳುವ ಹೊತ್ತಿಗೆ ಪರದೆ ಮೇಲೆ ಉಬ್ಬಿದ ದಿಂಬಿನಂಥ ಆಕಾರ ಮೂಡಿತು. ಅಗಲ 13.7 ಇಂಚು, ದಪ್ಪ 8.2 ಇಂಚು! ಬೆಸುಗೆಯ ಅಂಚಿಗೆ ಹೋಗುವುದನ್ನು ಕಳೆದರೆ ಯಜಮಾನರ ಟೇಪಿನ ಲೆಕ್ಕವೇ. ಹುಡುಕಿದಾಗ ಗೊತ್ತಾಯಿತು, ವಿಲಿಯಂ ಪಾಲ್ಸನ್ ಎಂಬ ಗಣಿತಜ್ಞ 1994ರಲ್ಲೇ ಇದರ ಬಗ್ಗೆ ಲೇಖನ ಬರೆದಿದ್ದಾರೆ. ಬಲೂನು ಎಷ್ಟೇ ದೊಡ್ಡದಿರಲಿ, ತುಂಬಿದ ಮೇಲಿನ ಅಗಲ ಮೊದಲಿನದರ 0.7627 ಪಾಲು. ಚೆಂಡಿನ ಆಕಾರವಾಗಿದ್ದರೆ ಸುಮಾರು 12.9 ಲೀಟರ್ ಹಿಡಿಸುತ್ತಿತ್ತು, ಈ ಆಕಾರದಲ್ಲಿ 14.6 ಲೀಟರ್ ಹಿಡಿಸುತ್ತದೆ. ಸುತ್ತಳತೆಯಲ್ಲಿ ಕಾಣೆಯಾದ 13 ಇಂಚಿಗೂ ಹೆಚ್ಚಿನ ಹಾಳೆ ಅಂಚಿನ ಸುಕ್ಕುಗಳಲ್ಲಿ ಅಡಗಿ ಕೂತಿರುತ್ತದೆ. ಆ ಸುಕ್ಕು ಕಳಪೆ ಮಾಲಿನ ಗುರುತಲ್ಲ, ಗಣಿತದ ಗುರುತು.

ಬೆಳಿಗ್ಗೆ ಅಪ್ಪನಿಗೆ ವಿವರಿಸುತ್ತ ‘ಇದಕ್ಕೆ ಮೈಲಾರ್ ಬಲೂನು ಅಂತಾರೆ’ ಎಂದೆ. ‘ಯಾವ ಮೈಲಾರ? ನಮ್ಮ ಬೀರೂರಿನ ಮೈಲಾರಲಿಂಗನಾ?’ ಎಂದು ಎರಡು ದಿನದಲ್ಲಿ ಮೊದಲ ಸಲ ನಕ್ಕರು.

ಅಷ್ಟರಲ್ಲಿ ಅಮ್ಮ ಒಂದು ಬಲೂನಿನ ಗಾಳಿ ಬಿಟ್ಟು, ಚಾಪೆ ಮೇಲೆ ಸವರಿ, ಟೇಪು ಹಿಡಿದರು. ಸರಿಯಾಗಿ 18. ‘ಇಷ್ಟಕ್ಕೆ ರಾತ್ರಿಯೆಲ್ಲ ಕರೆಂಟು ಸುಟ್ಟೆಯಲ್ಲೇ!’ ನನ್ನ ಅರವತ್ತು ಸಾಲಿನ ಸ್ಕ್ರಿಪ್ಟ್ ಅಮ್ಮನ ಒಂದು ನಿಮಿಷದ ಮುಂದೆ ಸಪ್ಪೆಯಾಯಿತು. ಆದರೆ ಒಂದು ಮಾತು: ಮೋಸವಾಗಿಲ್ಲ ಎಂದು ತೋರಿಸಿದ್ದು ಅಮ್ಮನ ಟೇಪು, ಯಾಕೆ ಹಾಗಾಗುತ್ತದೆ ಎಂದು ಹೇಳಿದ್ದು ಸ್ಕ್ರಿಪ್ಟ್. ಅಪ್ಪನಿಗೆ ಎರಡೂ ಬೇಕಿತ್ತು.

ಅಜ್ಜಂಪುರಕ್ಕೆ ಫೋನು ಮಾಡಿ ಅಪ್ಪ ಎಲ್ಲವನ್ನೂ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಸರಿ ಸ್ವಾಮಿ, ಅದನ್ನ ಮೊದಲೇ ಹೇಳಬೇಕಿತ್ತಲ್ವಾ?’ ಎಂದರಂತೆ. ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದೇ.

ಈಗ ನಮ್ಮ ಅಂಗಡಿಯ ದರಪಟ್ಟಿಯಲ್ಲಿ ಅಪ್ಪನ ಕೈಬರಹದ ಒಂದು ಸಾಲಿದೆ: ‘18 ಇಂಚು, ತುಂಬಿದ ಮೇಲೆ ಹದಿಮೂರೂವರೆ.’ ಕೇಳಿದವರಿಗೆಲ್ಲ ಅಪ್ಪ ಒಂದು ಖಾಲಿ ಬಲೂನು, ಒಂದು ತುಂಬಿದ ಬಲೂನು ಹಿಡಿದು ಪಾಠ ಮಾಡುತ್ತಾರೆ. ಕೊನೆಗೆ ಮರೆಯದೆ ಸೇರಿಸುತ್ತಾರೆ, ‘ಲೆಕ್ಕ ಹಾಕಿದ್ದು ನಮ್ಮ ಮಗಳು.’ ಎರಡನೇ ಸಲಕ್ಕೆ ಪಾಸಾದ ವಿಷಯವನ್ನು ಮಾತ್ರ ಯಾರಿಗೂ ಹೇಳುವುದಿಲ್ಲ!