ಜೋನಿ ಬೆಲ್ಲದ ಹದಕ್ಕೆ ಎರಡು ತಂತಿ

ಸಂಕ್ರಾಂತಿ ಕಳೆಯಿತೆಂದರೆ ಸೊರಬದ ಕಡೆ ಆಲೆಮನೆಯ ಮಾತು ಶುರುವಾಗುತ್ತದೆ. ಗಾಣ ತಿರುಗಿಸುತ್ತಿದ್ದ ಕೋಣಗಳ ಜಾಗಕ್ಕೆ ಎಂಜಿನ್ ಬಂದು ಬಹಳ ಕಾಲವಾಯಿತು. ಕೊಪ್ಪರಿಗೆಯ ಪಕ್ಕ ನಿಂತು ಹದ ನೋಡುವವನ ಜಾಗ ಮಾತ್ರ ಬಹುಪಾಲು ಕಡೆ ಹಾಗೇ ಇದೆ. ನೊರೆಯ ಬಣ್ಣ, ಗುಳ್ಳೆ ಒಡೆಯುವ ಸದ್ದು, ಸಟ್ಟುಗದಿಂದ ಇಳಿಯುವ ಎಳೆ, ನೀರಿಗೆ ಬಿಟ್ಟ ಹನಿ ಕರಗಿತೋ ಉಂಡೆಗಟ್ಟಿತೋ ಎಂಬುದು, ಇಷ್ಟನ್ನು ನೋಡಿ ಆತ ‘ಇಳಿಸಿ’ ಎನ್ನುತ್ತಾನೆ. ಮಲೆನಾಡಿನ ಮನೆಗಳಿಗೆ ಅಚ್ಚು ಬೆಲ್ಲಕ್ಕಿಂತ ಡಬ್ಬಿಯಲ್ಲಿ ತುಂಬಿಡುವ ಜೋನಿ ಬೆಲ್ಲವೇ ಮುಖ್ಯ. ಅದನ್ನು ಬೇಗ ಇಳಿಸಿದರೆ ನೀರಂಶ ಉಳಿದು ಮಳೆಗಾಲದಲ್ಲಿ ಹುಳಿಯುತ್ತದೆ. ತಡವಾದರೆ ಡಬ್ಬಿಯ ತಳದಲ್ಲಿ ಹರಳುಗಟ್ಟಿ ಕೂರುತ್ತದೆ.

ಈ ಹದಕ್ಕೆ ಒಂದು ಅಂಕಿಯೂ ಇದೆ. ಕಬ್ಬಿನ ಹಾಲಿನಿಂದ ನೀರು ಆವಿಯಾಗಿ ಹೋದಂತೆಲ್ಲ ಉಳಿದ ಪಾಕ ಕುದಿಯುವ ಉಷ್ಣಾಂಶ ಏರುತ್ತದೆ. ಹಾಗಾಗಿ ಪಾಕ ಎಷ್ಟು ಡಿಗ್ರಿಯಲ್ಲಿ ಕುದಿಯುತ್ತಿದೆ ಎಂದು ತಿಳಿದರೆ ಅದರಲ್ಲಿ ಸಕ್ಕರೆಯ ಪಾಲು ಎಷ್ಟೆಂದು ಅಂದಾಜಿಸಬಹುದು. ಜೋನಿ ಬೆಲ್ಲಕ್ಕೆ ಸುಮಾರು 103ರಿಂದ 106 ಡಿಗ್ರಿ ಸೆಲ್ಸಿಯಸ್, ಅಚ್ಚು ಬೆಲ್ಲಕ್ಕೆ 116ರಿಂದ 120 ಎನ್ನುವುದು ಬೆಲ್ಲ ತಯಾರಿಕೆಯ ಕೈಪಿಡಿಗಳಲ್ಲಿ ಕಾಣುವ ಲೆಕ್ಕ. ಮೂರು ಡಿಗ್ರಿಯ ಈ ಕಿರುದಾರಿಯನ್ನು ಕಾಯುವ ಸಾಧನವನ್ನು ಎಲೆಕ್ಟ್ರಾನಿಕ್ಸ್ ಹವ್ಯಾಸವಿರುವ ಕಾಲೇಜು ಹುಡುಗನೊಬ್ಬ ಕೆಲವು ನೂರು ರೂಪಾಯಿಯ ಬಿಡಿಭಾಗಗಳಲ್ಲಿ ಜೋಡಿಸಿಕೊಳ್ಳಬಹುದು. ಅದರ ಹೃದಯವೇ ಥರ್ಮೊಕಪಲ್.

ಗಾಜಿನ ಥರ್ಮಾಮೀಟರ್ ಯಾಕಾಗದು? ಮೊಗೆಯುವ, ಕಲಕುವ ಭರಾಟೆಯಲ್ಲಿ ಅದು ಕೊಪ್ಪರಿಗೆಯೊಳಗೆ ಒಡೆದರೆ ಇಡೀ ಅಡುಗೆ ಹೊಲಕ್ಕೆ. ಹವ್ಯಾಸಿಗಳ ಅಚ್ಚುಮೆಚ್ಚಿನ ಡಿಎಸ್18ಬಿ20 ಸಂವೇದಕ 125 ಡಿಗ್ರಿವರೆಗೆ ತಾಳುತ್ತದೆ ನಿಜ. ಆದರೆ ಪೇಟೆಯಲ್ಲಿ ಸಿಗುವ ಅದರ ‘ವಾಟರ್‌ಪ್ರೂಫ್’ ರೂಪಕ್ಕೆ ಸಾಮಾನ್ಯವಾಗಿ ಪಿವಿಸಿ ಕೇಬಲ್ ಇರುತ್ತದೆ. ಕುದಿಯುವ ಪಾಕದ ಮೇಲೆ ಅದು ಮೆತ್ತಗಾಗಿಬಿಡುತ್ತದೆ.

ಥರ್ಮೊಕಪಲ್ ಎಂದರೆ ಒಂದು ತುದಿಯಲ್ಲಿ ಬೆಸೆದ ಎರಡು ಬೇರೆ ಬೇರೆ ಲೋಹದ ತಂತಿ, ಅಷ್ಟೆ. 1821ರಲ್ಲಿ ಬರ್ಲಿನ್‌ನಲ್ಲಿದ್ದ ಥಾಮಸ್ ಯೋಹಾನ್ ಸೀಬೆಕ್ ಎರಡು ಲೋಹಗಳನ್ನು ಬಳೆಯಂತೆ ಜೋಡಿಸಿ ಒಂದು ಕೂಡುಗೆಯನ್ನು ಬಿಸಿ ಮಾಡಿದಾಗ ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ಹೊರಳಿತು. ಶಾಖದಿಂದ ಕಾಂತತ್ವ ಹುಟ್ಟಿತೆಂದೇ ಆತ ನಂಬಿದ. ಭೂಮಿಯ ಕಾಂತತ್ವಕ್ಕೂ ಸಮಭಾಜಕ ಮತ್ತು ಧ್ರುವಗಳ ಉಷ್ಣಾಂಶದ ಅಂತರವೇ ಕಾರಣವಿರಬೇಕೆಂದು ಊಹಿಸಿದ. ಅಲ್ಲಿ ಹರಿದದ್ದು ವಿದ್ಯುತ್ ಎಂದು ಗುರುತಿಸಿ ಹೆಸರಿಟ್ಟವನು ಡೆನ್ಮಾರ್ಕಿನ ಅರ್ಸ್ಟೆಡ್. ವಿವರಣೆ ತಪ್ಪಿದರೂ ಪರಿಣಾಮಕ್ಕೆ ಸೀಬೆಕ್‌ನ ಹೆಸರೇ ನಿಂತಿತು.

ಇಂದು ಹವ್ಯಾಸಿಗಳ ಕೈಗೆ ಸಿಗುವುದು ಹೆಚ್ಚಾಗಿ ‘ಕೆ’ ಮಾದರಿ: ಒಂದು ತಂತಿ ಕ್ರೋಮೆಲ್, ಇನ್ನೊಂದು ಅಲ್ಯುಮೆಲ್, ಎರಡೂ ನಿಕ್ಕಲ್ ಮಿಶ್ರಲೋಹ. ಒಂದು ಡಿಗ್ರಿ ಅಂತರಕ್ಕೆ ಅದು ಕೊಡುವುದು ಸುಮಾರು 41 ಮೈಕ್ರೊವೋಲ್ಟ್. ಇದು ಎಷ್ಟು ಪುಡಿ ಎಂದು ತಿಳಿಯಲು ಹವ್ಯಾಸಿಗಳು ಇಂಥ ಸಾಧನಕ್ಕೆ ಬಳಸುವ ಕಿರು ಕಂಪ್ಯೂಟರ್, ಆರ್ಡುಯಿನೊ ಊನೊ ಬೋರ್ಡನ್ನೇ ನೋಡಬಹುದು. ಅದರ ಅನಲಾಗ್ ಪಿನ್ 5 ವೋಲ್ಟನ್ನು 1024 ಮೆಟ್ಟಿಲಾಗಿ ಒಡೆಯುತ್ತದೆ. ಒಂದೊಂದು ಮೆಟ್ಟಿಲು 4.88 ಮಿಲಿವೋಲ್ಟ್. ತಂತಿಯನ್ನು ನೇರವಾಗಿ ಅಲ್ಲಿಗೇ ಸಿಕ್ಕಿಸಿದರೆ ಒಂದು ಮೆಟ್ಟಿಲು ಹತ್ತಲು ಸರಿಸುಮಾರು 120 ಡಿಗ್ರಿ ಏರಬೇಕು. ಅಷ್ಟರಲ್ಲಿ ಜೋನಿ ದಾಟಿ ಅಚ್ಚು ಬೆಲ್ಲವೂ ಆಗಿರುತ್ತದೆ!

ಅದಕ್ಕೇ ನಡುವೆ ಮ್ಯಾಕ್ಸ್6675 ಎಂಬ ಚಿಪ್ ಬೇಕು. ಸಂಕೇತವನ್ನು ಹಿಗ್ಗಿಸಿ ಕಾಲು ಡಿಗ್ರಿಯ ಹೆಜ್ಜೆಗಳಲ್ಲಿ ಅಂಕಿಯಾಗಿಸಿ ಕೊಡುವುದು ಅದರ ಒಂದು ಕೆಲಸ. ಇನ್ನೊಂದು ಕೆಲಸ ಅದಕ್ಕಿಂತ ಮುಖ್ಯವಾದದ್ದು. ಥರ್ಮೊಕಪಲ್ ತಿಳಿಸುವುದು ಬಿಸಿ ತುದಿಗೂ ತಂತಿಗಳು ಬೋರ್ಡಿಗೆ ಸೇರುವ ತಣ್ಣನೆ ತುದಿಗೂ ಇರುವ ಅಂತರವನ್ನು ಮಾತ್ರ. ತಣ್ಣನೆ ತುದಿ ಸೊನ್ನೆ ಡಿಗ್ರಿಯಲ್ಲಿದ್ದರೆ 100 ಡಿಗ್ರಿಗೆ 4.096 ಮಿಲಿವೋಲ್ಟ್ ಬರುತ್ತದೆ. ಅದೇ ತುದಿ 30 ಡಿಗ್ರಿಯಲ್ಲಿದ್ದರೆ ಬರೀ 2.893. ಚಿಪ್ ತನ್ನ ಮೈಬಿಸಿಯನ್ನು ತಾನೇ ಅಳೆದು ಕೊರತೆಯನ್ನು ತುಂಬಿಕೊಡುತ್ತದೆ.

ತೊಡಕು ಹುಟ್ಟುವುದೂ ಇಲ್ಲೇ. ಒಲೆಯ ಬಾಯಿಯ ಎದುರು ಸಾಧನದ ಡಬ್ಬಿ ಇಟ್ಟರೆ ಬೆಂಕಿಯ ಝಳಕ್ಕೆ ತಂತಿ ಬಿಗಿದ ಸ್ಕ್ರೂ ಒಂದು ಬಿಸಿ, ಚಿಪ್ ಒಂದು ಬಿಸಿ. ಈ ಎರಡರ ನಡುವಿನ ವ್ಯತ್ಯಾಸ ಎಷ್ಟೋ ಅಷ್ಟೂ ತಪ್ಪಾಗಿ ಪರದೆಯ ಮೇಲೆ ಕೂರುತ್ತದೆ. ತಂತಿ ಗಿಡ್ಡವಾಯಿತೆಂದು ಮನೆಯಲ್ಲಿದ್ದ ತಾಮ್ರದ ವೈರನ್ನು ಸೇರಿಸಿ ಉದ್ದ ಮಾಡಿದರೂ ಇದೇ ಕತೆ, ಗಂಟು ಹಾಕಿದ ಜಾಗವೇ ಹೊಸ ತಣ್ಣನೆ ತುದಿಯಾಗುತ್ತದೆ. ಡಬ್ಬಿಯನ್ನು ನೆರಳಲ್ಲಿ, ಝಳ ತಾಗದ ಕಂಬಕ್ಕೆ ಕಟ್ಟಿ, ಕೆ ಮಾದರಿಯದೇ ಉದ್ದ ತಂತಿಯನ್ನು ಎಳೆದು ತರುವುದೇ ಸರಿ.

ಈ ಚಿಪ್ ಕೂರಿಸಿದ ಮಾಡ್ಯೂಲಿನ ಜೊತೆ ಸಾಮಾನ್ಯವಾಗಿ ಬರುವ ಗಿಡ್ಡ ಸ್ಕ್ರೂ ಆಕಾರದ ಪ್ರೋಬ್ ಲೋಹದ ಗೋಡೆಗೆ ತಿರುಗಿಸಿ ಕೂರಿಸಲು ಮಾಡಿದ್ದು. ಅದನ್ನು ಕೊಪ್ಪರಿಗೆಯ ಅಂಚಿಗೆ ಸಿಕ್ಕಿಸಿದರೆ ಅದು ಹೇಳುವುದು ಅಂಚಿನ ಬಿಸಿಯನ್ನು, ಪಾಕದ್ದನ್ನಲ್ಲ. ಬೆಲ್ಲಕ್ಕೆ ಬೇಕಾದದ್ದು ಉದ್ದನೆಯ ಸ್ಟೀಲ್ ಕೊಳವೆಯ ಪ್ರೋಬ್. ಕೊಳವೆಯ ದಪ್ಪದ ಹತ್ತು ಪಟ್ಟಾದರೂ ಪಾಕದೊಳಗೆ ಮುಳುಗಿರಬೇಕು, ತಳಕ್ಕೆ ತಾಗಬಾರದು. ತಂತಿಯ ಬಣ್ಣದ ಗೊಂದಲವೂ ಇದೆ. ಅಮೆರಿಕದ ಪದ್ಧತಿಯಲ್ಲಿ ಹಳದಿ ಧನ, ಕೆಂಪು ಋಣ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸಿರು ಧನ, ಬಿಳಿ ಋಣ. ಕೆಂಪೆಂದರೆ ಪ್ಲಸ್ ಎಂದೇ ರೂಢಿಯಾದವರು ಇಲ್ಲಿ ಎಡವುವುದು ಸಹಜ. ಬಣ್ಣ ನಂಬುವುದಕ್ಕಿಂತ ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿದರಾಯಿತು, ಅಂಟಿದ್ದು ಅಲ್ಯುಮೆಲ್, ಅಂದರೆ ಋಣ ತಂತಿ.

ಪ್ರೋಗ್ರಾಂ ಬರೆಯುವಾಗಲೂ ಒಂದು ಗುಂಡಿ ಇದೆ. ಚಿಪ್‌ಗೆ ಒಂದು ಅಳತೆ ಮುಗಿಸಲು 0.22 ಸೆಕೆಂಡಿನವರೆಗೆ ಬೇಕು. ಅದಕ್ಕೂ ಮುಂಚೆ ಮತ್ತೆ ಕೇಳಿದರೆ ನಡೆಯುತ್ತಿದ್ದ ಅಳತೆ ಅರ್ಧಕ್ಕೇ ನಿಲ್ಲುತ್ತದೆ. ಅವಸರದಲ್ಲಿ ಪದೇ ಪದೇ ಕೇಳಿದರೆ ಪರದೆಯ ಮೇಲೆ ಹಳೆಯ ಅಂಕಿಯೇ ಅಲುಗದೆ ನಿಲ್ಲುತ್ತದೆ, ಪ್ರೋಬ್ ಕೆಟ್ಟಿತೆಂದು ಹೊಸದು ತರಿಸಿದವರಿಗೂ ಅದೇ ಅಂಕಿ.

ಎಲ್ಲ ಸರಿಯಾದ ಮೇಲೂ ಕಾಲು ಡಿಗ್ರಿಯ ಹೆಜ್ಜೆ ಎಂದರೆ ಕಾಲು ಡಿಗ್ರಿಯ ನಿಖರತೆ ಅಲ್ಲ. ಸಾಮಾನ್ಯ ದರ್ಜೆಯ ಕೆ ತಂತಿಗೇ 2.2 ಡಿಗ್ರಿ ಆಚೀಚೆ ಅನುಮತಿಯಿದೆ. ಚಿಪ್ಪಿನ ತಪ್ಪು ಬೇರೆ. ಮೂರು ಡಿಗ್ರಿಯ ದಾರಿ ಕಾಯುವವನಿಗೆ ಇದು ವಿಪರೀತವಾಯಿತು. ಹಾಗಾಗಿ ಮೊದಲು ಕುದಿಯುವ ನೀರಿನಲ್ಲಿ ಅದ್ದಿ ಸರಿಹೊಂದಿಸಿಕೊಳ್ಳಬೇಕು. ಪರದೆ 98 ತೋರಿಸಿದ ಕೂಡಲೇ ಎರಡು ಕೂಡಿಸಿ 100 ಮಾಡುವ ಆಸೆ ಹುಟ್ಟುತ್ತದೆ. ಕೂಡಿಸಬಾರದು. ಶಿಕಾರಿಪುರ, ಸೊರಬ ಎರಡೂ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಪ್ರತಿ 300 ಮೀಟರಿಗೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುವುದರಿಂದ ಇಲ್ಲಿ ನೀರು ಕುದಿಯುವುದೇ 98ರ ಆಸುಪಾಸಿನಲ್ಲಿ.

ಇದೇ ಲೆಕ್ಕ ಪಾಕಕ್ಕೂ ಅನ್ವಯಿಸುತ್ತದೆ. ಕೈಪಿಡಿಯ 105 ನೀರು 100ಕ್ಕೆ ಕುದಿಯುವ ಊರಿನದ್ದಾದರೆ ಅದೇ ಗಟ್ಟಿತನದ ಪಾಕ ಸೊರಬದಲ್ಲಿ 103ಕ್ಕೇ ಸಿದ್ಧ. ಇಲ್ಲಿಯೂ 105ರವರೆಗೆ ಕಾದರೆ ಜೋನಿ ಗಟ್ಟಿಯಾಗಿ ಹರಳುಗಟ್ಟುವತ್ತ ಸಾಗುತ್ತದೆ. ಕೈಪಿಡಿಯ ಅಂಕಿಗಿಂತ ‘ಇಲ್ಲಿನ ನೀರು ಕುದಿಯುವ ಬಿಂದುವಿಗಿಂತ ಇಂತಿಷ್ಟು ಮೇಲೆ’ ಎಂದು ಬರೆದಿಟ್ಟುಕೊಳ್ಳುವುದು ಜಾಣತನ. ಹಾಗೆ ಮಾಡಿದರೆ ಪ್ರೋಬಿನ ತಪ್ಪೂ ಬಹುಮಟ್ಟಿಗೆ ಕಳೆದುಹೋಗುತ್ತದೆ, ಏಕೆಂದರೆ ನೀರನ್ನೂ ಪಾಕವನ್ನೂ ಅಳೆದದ್ದು ಒಂದೇ ಪ್ರೋಬ್. ಅನುಭವಿಯೊಬ್ಬರು ‘ಇಳಿಸಿ’ ಎಂದ ಕ್ಷಣದ ಅಂಕಿಯನ್ನು ಗುರುತು ಹಾಕಿಕೊಂಡರಂತೂ ಕೈಪಿಡಿಯ ಹಂಗೇ ಬೇಡ.

ಇದೇ ತಾಲ್ಲೂಕುಗಳ ಇನ್ನೊಂದು ದೊಡ್ಡ ಒಲೆ ಅಡಿಕೆಯದು. ಅಡಿಕೆ ಬೇಯಿಸುವ ಹಂಡೆಗೆ ಪ್ರೋಬ್ ಇಳಿಸಿ ಹೆಚ್ಚೇನೂ ಪ್ರಯೋಜನವಿಲ್ಲ. ಚೊಗರು ಬೆರೆತ ನೀರು ಕುದಿಯಲು ಹತ್ತಿದ ಮೇಲೆ ಅಂಕಿ 98ರ ಹತ್ತಿರವೇ ನಿಂತಿರುತ್ತದೆ. ಇನ್ನಷ್ಟು ಸೌದೆ ತುರುಕಿದರೆ ಆವಿ ಹೆಚ್ಚುತ್ತದೆಯೇ ಹೊರತು ಬಿಸಿ ಹೆಚ್ಚುವುದಿಲ್ಲ. ಅಡಿಕೆ ಒಣಗಿಸುವ ಡ್ರೈಯರ್‌ನ ಒಳಗಾಳಿಗೆ ಡಿಎಸ್18ಬಿ20 ಸಾಕು, ಅಲ್ಲಿ ಥರ್ಮೊಕಪಲ್‌ಗಿಂತ ಅದೇ ನಿಖರ. ಆದರೆ ಒಲೆಯ ಚಿಮಣಿಯಲ್ಲಿ ಎಷ್ಟು ಬಿಸಿ ಸುಮ್ಮನೆ ಮೇಲೆ ಹೋಗುತ್ತಿದೆ ಎಂದು ನೋಡಬೇಕೆನಿಸಿದರೆ ಮತ್ತೆ ಕೆ ತಂತಿಯೇ ಬೇಕು. ಮ್ಯಾಕ್ಸ್6675 ಸುಮಾರು 1024 ಡಿಗ್ರಿವರೆಗೆ ಓದಬಲ್ಲದು. ತಂತಿಯ ಹೊದಿಕೆ ಮಾತ್ರ ಪ್ಲಾಸ್ಟಿಕ್ ಆಗಿರಬಾರದು, ಗಾಜಿನ ನೂಲಿನ ಹೆಣಿಗೆಯದನ್ನು ಕೇಳಿ ತರಬೇಕು. ನೇರ ಜ್ವಾಲೆಗೆ ಒಡ್ಡುವುದಾದರೆ ಅದೂ ಸಾಲದು, ಪಿಂಗಾಣಿ ಕೊಳವೆಯೊಳಗಿನ ಪ್ರೋಬೇ ಆಗಬೇಕು.