ಸೊಟ್ಟ ಕಾಲೋ, ಸೊಟ್ಟ ನೆರಳೋ?

ಹುಟ್ಟಿದ ಮಗುವಿನ ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿರುತ್ತವೆ. ಎರಡು ವರ್ಷದ ಹೊತ್ತಿಗೆ ನೇರವಾಗಿ, ಮೂರು-ನಾಲ್ಕನೆಯ ವರ್ಷದಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುತ್ತವೆ. ಏಳರ ವೇಳೆಗೆ ಬಹುಮಟ್ಟಿಗೆ ವಯಸ್ಕರ ಸ್ಥಿತಿಗೆ ಬರುತ್ತವೆ. ಫಿನ್ಲೆಂಡಿನ ಸಲೇನಿಯಸ್ ಮತ್ತು ವಾಂಕ್ಕಾ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅಳೆದು 1975ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಆದ್ದರಿಂದ ಎಲ್ಲ ಬಾಗೂ ರೋಗವಲ್ಲ.

ಆದರೆ ಬಾಗು ಒಂದೇ ಕಾಲಿನಲ್ಲಿದ್ದರೆ ಅಥವಾ ವಯಸ್ಸಿನೊಂದಿಗೆ ಹೆಚ್ಚುತ್ತಿದ್ದರೆ ಪರೀಕ್ಷೆ ಅಗತ್ಯ. ರಿಕೆಟ್ಸ್, ಮೂಳೆಯ ಬೆಳವಣಿಗೆಯ ಫಲಕಕ್ಕೆ ಬಿದ್ದ ಪೆಟ್ಟು ಇದಕ್ಕೆ ಕಾರಣವಾಗಬಹುದು. ನೀರಿನ ಅಧಿಕ ಫ್ಲೋರೈಡಿಗೂ ಮೊಣಕಾಲಿನ ಬಾಗಿಗೂ ಇರುವ ನಂಟನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ವರದಿ ಮಾಡಿದ್ದರು. ಬೀದರ್ ಸೀಮೆಯ ಮನ್ನಳ್ಳಿಯಂಥ ಊರಿನಲ್ಲಿ ಇಂಥ ಬಾಗನ್ನು ಮೊದಲು ಗಮನಿಸಬಲ್ಲವರು ಮಕ್ಕಳನ್ನು ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸುವ ಶಿಕ್ಷಕರೇ. ಮುಂದಿನ ಪ್ರಶ್ನೆ: ಯಾವ ಕ್ಷ-ಕಿರಣ ಚಿತ್ರ?

ನೆರಳಿನ ರೇಖಾಗಣಿತ

ಕ್ಷ-ಕಿರಣ ಚಿತ್ರವೆಂದರೆ ಮೂಳೆಯ ನೆರಳು. ಕಿರಣಗಳು ಒಂದು ಬಿಂದುವಿನಿಂದ ಹರಡುವುದರಿಂದ ನೆರಳು ಮೂಳೆಗಿಂತ ದೊಡ್ಡದು. ಫಲಕಕ್ಕಿಂತ 10 ಸೆಂ.ಮೀ. ಮುಂದಿರುವ, 60 ಸೆಂ.ಮೀ. ಉದ್ದದ ಕಾಲನ್ನು ಊಹಿಸಿಕೊಳ್ಳಿ. ಕಿರಣದ ಆಕರ ಫಲಕದಿಂದ 100 ಸೆಂ.ಮೀ. ದೂರದಲ್ಲಿದ್ದರೆ ಹಿಗ್ಗುವಿಕೆ 100/90, ನೆರಳು 66.7 ಸೆಂ.ಮೀ. ದೂರ 300 ಸೆಂ.ಮೀ. ಆದರೆ 300/290, ನೆರಳು ಸುಮಾರು 62 ಸೆಂ.ಮೀ. ಉದ್ದ ತಪ್ಪಿದರೂ, ಕಾಲು ಫಲಕಕ್ಕೆ ಸಮಾಂತರವಾಗಿದ್ದರೆ ಕೋನ ತಪ್ಪುವುದಿಲ್ಲ. ಇದು ಸಮರೂಪ ತ್ರಿಭುಜಗಳ ಗುಣ.

ನಾಲ್ಕು ವಿಧಾನಗಳು

1. ನಿಂತ ಭಂಗಿಯ ಪೂರ್ಣ ಚಿತ್ರ: ಸೊಂಟದಿಂದ ಪಾದದ ಕೀಲಿನವರೆಗೆ, ಸುಮಾರು 3 ಮೀಟರ್ ದೂರದಿಂದ ತೆಗೆದದ್ದು. ತೊಡೆಮೂಳೆಯ ತಲೆಯ ಕೇಂದ್ರದಿಂದ ಪಾದದ ಕೀಲಿನ ಕೇಂದ್ರಕ್ಕೆ ಗೆರೆ ಎಳೆದರೆ ಅದು ಮೊಣಕಾಲಿನ ನಡುವಿನ ಸಮೀಪ ಹಾಯಬೇಕು. ಮೈಭಾರ ಬಿದ್ದಾಗ ಕಾಲು ಹೇಗಿರುತ್ತದೆಂಬುದು ಇದರಲ್ಲಿ ತಿಳಿಯುತ್ತದೆ.

2. ಸ್ಕ್ಯಾನೋಗ್ರಾಮ್: ಮಲಗಿಸಿ, ಅಳತೆಪಟ್ಟಿ ಇಟ್ಟು, ಸೊಂಟ, ಮೊಣಕಾಲು, ಪಾದದ ಕೀಲುಗಳ ನೇರಕ್ಕೆ ಮೂರು ಬಾರಿ ತೆಗೆದದ್ದು. ಹಿಗ್ಗುವಿಕೆಯ ದೋಷ ಕಡಿಮೆ, ಉದ್ದ ನಿಖರ. ಆದರೆ ಮೈಭಾರವಿಲ್ಲ; ನಡುವಿನ ಮೂಳೆಯೂ ಕಾಣದು.

3. ಸಿ.ಟಿ. ಸ್ಕ್ಯಾನೋಗ್ರಾಮ್: ಕಿರಿದಾದ ಸೀಳಿನ ಕಿರಣ ಕಾಲಿನುದ್ದಕ್ಕೂ ಸಾಗುತ್ತದೆ. ಉದ್ದಕ್ಕೆ ಉತ್ತಮ, ವಿಕಿರಣವೂ ಕಡಿಮೆ; ಆದರೆ ಮಗು ಮಲಗಿರಬೇಕು.

4. ಇ.ಓ.ಎಸ್.: ನಿಂತ ಮಗುವನ್ನು ಮುಂದಿನಿಂದಲೂ ಪಕ್ಕದಿಂದಲೂ ಎರಡು ಸೀಳು ಕಿರಣಗಳು ಒಮ್ಮೆಗೇ ಸ್ಕ್ಯಾನ್ ಮಾಡುತ್ತವೆ. 1992ರ ಭೌತವಿಜ್ಞಾನದ ನೊಬೆಲ್ ಪಡೆದ ಜಾರ್ಜ್ ಶಾರ್ಪಾಕರ ಕಣಶೋಧಕವೇ ಇದರ ಮೂಲ. ಆಕರವೂ ಶೋಧಕವೂ ಒಟ್ಟಿಗೆ ಚಲಿಸುವುದರಿಂದ ಲಂಬ ದಿಕ್ಕಿನಲ್ಲಿ ಹಿಗ್ಗುವಿಕೆಯಿಲ್ಲ. ವಿಕಿರಣ ಸಾಮಾನ್ಯ ಚಿತ್ರಕ್ಕಿಂತ ಗಣನೀಯವಾಗಿ ಕಡಿಮೆ. ಆದರೆ ಯಂತ್ರ ದುಬಾರಿ, ಮತ್ತು ಮಗು ಕೆಲವು ಸೆಕೆಂಡು ಅಲುಗಾಡಬಾರದು.

ಯಂತ್ರಕ್ಕಿಂತ ಭಂಗಿ ಮುಖ್ಯ

ಮಧ್ಯೆ ಸ್ವಲ್ಪ ಬಗ್ಗಿಸಿದ ತಂತಿಯನ್ನು ಟಾರ್ಚಿನ ಬೆಳಕಿನಲ್ಲಿ ಹಿಡಿದು, ಅದರ ಉದ್ದದ ಅಕ್ಷದ ಸುತ್ತ ತಿರುಗಿಸಿ. ಗೋಡೆಯ ಮೇಲೆ ನೆರಳು ಒಮ್ಮೆ ಸೊಟ್ಟ, ಒಮ್ಮೆ ನೇರ! ಮಡಚಿದ ಮೊಣಕಾಲು ತಿರುಗಿದ್ದರೆ ನೇರ ಕಾಲಿನ ನೆರಳೂ ಹೀಗೆಯೇ ಮೋಸ ಮಾಡುತ್ತದೆ. ಆದ್ದರಿಂದ ಮೊಣಕಾಲು ಚಾಚಿರಬೇಕು, ಮಂಡಿಚಿಪ್ಪು ಮುಂದಕ್ಕೆ ನೋಡುತ್ತಿರಬೇಕು. ಒಂದು ಕಾಲು ಗಿಡ್ಡವಾಗಿದ್ದರೆ ಸೊಂಟ ಸಮವಾಗುವಷ್ಟು ಮರದ ತುಂಡನ್ನು ಅದರಡಿ ಇಡಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ, ತಾಳ್ಮೆ ಸಾಕು.

ಬಾಗನ್ನು ಅಳೆಯಲು ನಿಂತ ಭಂಗಿಯ ಚಿತ್ರ ಬೇಕು. ಉದ್ದದ ವ್ಯತ್ಯಾಸವಷ್ಟೇ ಬೇಕಿದ್ದರೆ ಸ್ಕ್ಯಾನೋಗ್ರಾಮ್ ಸಾಕು. ಮೊಣಕಾಲನ್ನಷ್ಟೇ ತೋರಿಸುವ ಚಿಕ್ಕ ಚಿತ್ರದಿಂದ ಇಡೀ ಕಾಲಿನ ಭಾರರೇಖೆಯನ್ನು ಎಳೆಯಲಾಗದು. ಅದಕ್ಕಾಗಿ ಮತ್ತೊಮ್ಮೆ ಚಿತ್ರ ತೆಗೆಸಬೇಕಾದರೆ ಮಗುವಿಗೆ ಮತ್ತೊಮ್ಮೆ ವಿಕಿರಣ. ಬೆಳೆಯುವ ಅಂಗಾಂಶಗಳು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ. ಬೆಳೆಯುವ ವಯಸ್ಸಿನಲ್ಲೇ ಗುರುತಿಸಿದರೆ, ಬೆಳವಣಿಗೆಯ ಫಲಕದ ಒಂದು ಪಕ್ಕಕ್ಕೆ ಚಿಕ್ಕ ಲೋಹದ ಪಟ್ಟಿ ಕೂರಿಸಿ, ಹಲವು ಮಕ್ಕಳಲ್ಲಿ ಮೂಳೆ ಕತ್ತರಿಸದೆಯೇ ಕಾಲನ್ನು ಕ್ರಮೇಣ ನೇರಗೊಳಿಸಬಹುದು. ಬೆಳವಣಿಗೆ ನಿಂತ ಮೇಲೆ ಆ ದಾರಿ ಮುಚ್ಚುತ್ತದೆ. ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು ಪ್ರತಿ ಭೇಟಿಗೂ ಒಯ್ಯುವಂತೆ ಪಾಲಕರಿಗೆ ತಿಳಿಸಿರಿ.