ಒಂದು ಗಣಕಕ್ಕೆ ಅನೇಕ ಡಿಸ್ಕುಗಳು: ಎಕ್ಸ್‌ಪಾಂಡರ್ ಕಾರ್ಡಿನ ವಿಚಾರ

ಹಸ್ತಪ್ರತಿಗಳನ್ನೂ ಹಳೆಯ ಮುದ್ರಿತ ಗ್ರಂಥಗಳನ್ನೂ ಬಿಂಬರೂಪದಲ್ಲಿ ಕಾಪಾಡಹೊರಟವರಿಗೆ ಮೊದಲು ಎದುರಾಗುವದು ಸ್ಥಳದ ಪ್ರಶ್ನೆ. ಎ-4 ಅಳತೆಯ ಪುಟವೊಂದನ್ನು ಅಂಗುಲಕ್ಕೆ 300 ಬಿಂದುಗಳಂತೆ ವರ್ಣದಲ್ಲಿ ಸ್ಕ್ಯಾನ್ ಮಾಡಿ ಸಂಕೋಚಿಸದೆ ಇಟ್ಟರೆ ಸುಮಾರು 26 ಮೆಗಾಬೈಟ್ ಆಗುವದು. ಹತ್ತು ಲಕ್ಷ ಪುಟಗಳಿಗೆ 26 ಟೆರಾಬೈಟ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಲಕ್ಷಗಟ್ಟಲೆ ಗ್ರಂಥಗಳು ಹೀಗೆ ಸ್ಕ್ಯಾನ್ ಆದವು. ಅದರ ಮೂಲ ತಾಣವು ನಿಂತುಹೋದ ಮೇಲೂ ಅವುಗಳಲ್ಲಿ ಅನೇಕವು ಇಂಟರ್‌ನೆಟ್ ಆರ್ಕೈವಿನಲ್ಲಿ ದೊರೆಯುತ್ತಿರುವದು, ಬೇರೆಡೆಯಲ್ಲಿ ಪ್ರತಿಯಿದ್ದುದರಿಂದ.

ಸರ್ವರಿನ ಡಿಸ್ಕುಗಳನ್ನು ಆಳುವ ಸಾಸ್ ನಿಯಂತ್ರಕ ಕಾರ್ಡಿನಲ್ಲಿ ಬಹುಮಟ್ಟಿಗೆ 8 ಮಾರ್ಗಗಳಿರುತ್ತವೆ; ನೇರವಾಗಿ ಜೋಡಿಸಿದರೆ ಡಿಸ್ಕುಗಳೂ ಎಂಟೇ. ಈ ಮಿತಿಯನ್ನು ದಾಟಿಸುವ ಸಾಧನವೇ ಎಕ್ಸ್‌ಪಾಂಡರು. ಇದನ್ನು ಟೆಲಿಫೋನ್ ವಿನಿಮಯ ಕೇಂದ್ರವೆಂದು ಭಾವಿಸಬಹುದು: ಪ್ರತಿಯೊಂದು ಡಿಸ್ಕಿಗೂ ಒಂದು ವಿಳಾಸವುಂಟು, ನಿಯಂತ್ರಕವು ಕರೆದ ವಿಳಾಸಕ್ಕೆ ಎಕ್ಸ್‌ಪಾಂಡರು ದಾರಿಯನ್ನು ತೆರೆದು, ಮಾತು ಮುಗಿದೊಡನೆ ಮುಚ್ಚುವದು. 36 ಮಾರ್ಗಗಳ ಎಕ್ಸ್‌ಪಾಂಡರಿನಲ್ಲಿ 8ನ್ನು ನಿಯಂತ್ರಕಕ್ಕೂ 4ನ್ನು ಮುಂದಿನ ಪೆಟ್ಟಿಗೆಗೂ ಬಿಟ್ಟರೆ 24 ಡಿಸ್ಕುಗಳಿಗೆ ಎಡೆ ದೊರೆಯುವದು. ಇಂಥ ಕಾರ್ಡನ್ನು ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂಡ್ರಿಸುವದು ವಿದ್ಯುತ್ತಿಗಾಗಿ ಮಾತ್ರ. ಮಾಹಿತಿಯೆಲ್ಲವೂ ಕೇಬಲ್ಲಿನ ಮೂಲಕವೇ ಸಂಚರಿಸುವದು.

ಆದರೆ ಎಕ್ಸ್‌ಪಾಂಡರು ಹಂಚುವದೇ ಹೊರತು ಹೆಚ್ಚಿಸುವದಿಲ್ಲ. ನರಗುಂದ ತಾಲೂಕಿನ ಶಿರೋಳದ ಸೀಮೆಯಲ್ಲಿ ಮಲಪ್ರಭೆಯ ಕಾಲುವೆಯನ್ನು ನಂಬಿದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಂಚುಗಾಲುವೆಗಳನ್ನು ಎಷ್ಟು ತೋಡಿದರೂ ಮುಖ್ಯ ಕಾಲುವೆಗೆ ಬಿಟ್ಟ ನೀರು ಅಷ್ಟೇ. ಸೆಕೆಂಡಿಗೆ 6 ಗಿಗಾಬಿಟ್ಟಿನ ಒಂದು ಮಾರ್ಗದಲ್ಲಿ 600 ಮೆಗಾಬೈಟ್ ಸಾಗಬಲ್ಲದು. ನಾಲ್ಕು ಮಾರ್ಗಗಳ ಒಂದು ಕೇಬಲ್ಲಿನಲ್ಲಿ 2,400. ಅದನ್ನು 24 ಡಿಸ್ಕುಗಳು ಏಕಕಾಲಕ್ಕೆ ಬೇಡಿದರೆ ಒಂದೊಂದಕ್ಕೆ ಬರುವದು 100 ಮಾತ್ರ. ಇಂದಿನ ಡಿಸ್ಕಾದರೋ ಒಂಟಿಯಾಗಿ 200ನ್ನು ಕೊಡಬಲ್ಲದು. ಎರಡನೆಯ ಕೇಬಲ್ಲನ್ನು ಕೂಡಿಸಿದರೆ ಈ ಕೊರತೆ ನೀಗುವದು.

ಎಲ್ಲ ಡಿಸ್ಕುಗಳೂ ಒಮ್ಮೆಲೆ ಬೇಡುವ ಸಂದರ್ಭವು ನಿತ್ಯದ ಓದಿನಲ್ಲಿ ವಿರಳವೆಂಬುದು ನಿಜ. ಆದರೆ ಕೆಟ್ಟ ಡಿಸ್ಕಿನ ಬದಲು ಹೊಸತನ್ನು ಹಾಕಿ ಅದರಲ್ಲಿದ್ದುದನ್ನು ಉಳಿದವುಗಳಿಂದ ಪುನಃ ಕಟ್ಟುವಾಗ ಆ ಸಂದರ್ಭವು ಬಂದೇ ಬರುವದು. ದಾರಿ ಕಿರಿದಾದಷ್ಟೂ ಕಟ್ಟುವ ಹೊತ್ತು ಬೆಳೆಯುವದು. ಒಂದೇ ಡಿಸ್ಕಿನ ನಷ್ಟವನ್ನು ತಾಳಬಲ್ಲ ವ್ಯವಸ್ಥೆಯಲ್ಲಿ ಆ ಅವಧಿಯೊಳಗೆ ಇನ್ನೊಂದು ಕೆಟ್ಟರೆ ಸಂಗ್ರಹವೇ ಹೋಯಿತು. ಆದುದರಿಂದ ಎರಡನೆಯ ಕೇಬಲ್ಲಿನ ಖರ್ಚಿಗೆ ಹಿಂಜರಿಯುವದು ಜಾಣತನವಲ್ಲ.

ವಿದ್ಯುತ್ತಿನ ಲೆಕ್ಕವನ್ನೂ ಹಲವರು ಮರೆಯುವರು. ತಿರುಗಲು ಆರಂಭಿಸುವ ಡಿಸ್ಕೊಂದು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುವದು. 24 ಡಿಸ್ಕುಗಳು ಒಟ್ಟಿಗೆ ಎದ್ದರೆ 576 ವಾಟ್ ಬೇಕಾಗುವದು. ಅದಕ್ಕೆಂದೇ ಅವುಗಳನ್ನು ಸರತಿಯಂತೆ ಎಬ್ಬಿಸುವ ಏರ್ಪಾಡುಂಟು.

ಎಕ್ಸ್‌ಪಾಂಡರೇ ಕೆಟ್ಟರೆ ಅದರ ಹಿಂದಿನ ಡಿಸ್ಕುಗಳೆಲ್ಲವೂ ಒಮ್ಮೆಲೆ ಮರೆಯಾಗುವವು. ಸಾಸ್ ಡಿಸ್ಕುಗಳಿಗೆ ಎರಡು ದ್ವಾರಗಳಿರುವದರಿಂದ ಅವುಗಳನ್ನು ಇಬ್ಬಗೆಯ ಎಕ್ಸ್‌ಪಾಂಡರುಗಳಿಗೆ ಜೋಡಿಸಬಹುದು. ಅಗ್ಗದ ಸಾಟಾ ಡಿಸ್ಕಿಗೆ ಇರುವದು ಒಂದೇ ದ್ವಾರ. ಅದನ್ನೇ ಬಳಸುವವರು ಕಪಾಟಿನಲ್ಲಿ ಇನ್ನೊಂದು ಕಾರ್ಡನ್ನೂ, ಬೇರೆ ಕಟ್ಟಡದಲ್ಲಿ ಇನ್ನೊಂದು ಪ್ರತಿಯನ್ನೂ ಇಟ್ಟುಕೊಂಡಿರತಕ್ಕದ್ದು.